ಹೆಲ್ಸಿಂಕಿ ಕಟ್ಟಡಗಳ ಬಗ್ಗೆ ಎಲ್ರೂ ಕೇಳೋ ಪ್ರಶ್ನೆಗಳು

ತಂಗಿ ಸಂಸಾರ ಇರೋದು ಎಸ್ಪೋದಲ್ಲಿ, ಹೆಲ್ಸಿಂಕಿ ಪಕ್ಕದ ಊರು, ಸಾಫ್ಟ್‌ವೇರ್ ಕೆಲಸಕ್ಕೆ ಹೋದ ನಮ್ಮೋರು ಅಲ್ಲಿ ಸಾಕಷ್ಟು ಜನ ಇದಾರೆ. ಅವಳ ಮನೇಲಿ ಇದ್ದಾಗ ಅವ್ರೆಲ್ಲ ಆಫೀಸಿಗೆ ಹೊರಟ್ಮೇಲೆ ನಾನು ಮೆಟ್ರೋ ಹತ್ತಿ ಹೆಲ್ಸಿಂಕಿ ಸುತ್ತೋದು. ನಾನು ಆರ್ಕಿಟೆಕ್ಟ್ ಅಲ್ಲ, ಕಟ್ಟಡ ನೋಡೋ ಹುಚ್ಚು ಅಷ್ಟೆ. ಫೋಟೋ ನೋಡಿದೋರು, ಹೊಸದಾಗಿ ಅಲ್ಲಿಗೆ ಹೊರಟೋರು ಕೇಳೋದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು.

ಪ್ಯಾರಿಸ್ಸು ರೋಮು ಬಿಟ್ಟು ಹೆಲ್ಸಿಂಕಿಗ್ಯಾಕೆ ಹೋಗ್ಬೇಕು? ಅಲ್ಲಿ ನೋಡೋದೇನಿದೆ?

ಟ್ರಾಂ ಕಿಟಕಿಯಿಂದ ನೋಡಿದ್ರೆ ನಿಜಕ್ಕೂ ಜಾಸ್ತಿ ಏನಿಲ್ಲ. ಐದಾರು ಅಂತಸ್ತಿನ ಕಟ್ಟಡಗಳು, ತಿಳಿ ಹಳದಿ ಬೂದು ಬಣ್ಣ, ನೀಟಾದ ರಸ್ತೆ, ಒಂದಕ್ಕೊಂದು ಮೀರಿಸೋ ಹಠ ಯಾವ ಕಟ್ಟಡಕ್ಕೂ ಇಲ್ಲ. ಅರ್ಧ ದಿನ ಸುತ್ತಿ "ಬೋರಿಂಗ್ ಊರು" ಅಂತ ಷರಾ ಬರೆದು ಹಡಗು ಹತ್ತೋರು ಬೇಕಾದಷ್ಟು ಜನ ಇದಾರೆ. ಆದ್ರೆ ಈ ಊರಿನ ಕಟ್ಟಡಗಳನ್ನ ಹೊರಗೆ ನಿಂತು ನೋಡೋದಲ್ಲ, ಬಾಗಿಲು ತಳ್ಳಿ ಒಳಗೆ ಹೋಗ್ಬೇಕು. ವರ್ಷದಲ್ಲಿ ಅರ್ಧ ಕಾಲ ಚಳಿ, ಕತ್ತಲು, ಹಿಮ ಇರೋ ಕಡೆ ಜನ ಬದುಕೋದೇ ಒಳಗೆ, ಹಾಗಾಗಿ ದುಡ್ಡು, ತಲೆ, ಪ್ರೀತಿ ಎಲ್ಲ ಒಳಗಡೆಗೇ ಸುರಿದಿದಾರೆ, ಬೆಳಕು ಎಲ್ಲಿಂದ ಬರ್ಬೇಕು, ಕೈ ಎಲ್ಲಿ ಇಡ್ತಾರೆ, ಒದ್ದೆ ಬೂಟು ಹಾಕ್ಕೊಂಡು ಬಂದೋರು ಎಲ್ಲಿ ಕೂರ್ತಾರೆ ಅನ್ನೋವರೆಗೂ. ಇದಕ್ಕೆ ತದ್ವಿರುದ್ಧವಾಗಿರೋದು ಒಂದೇ ಒಂದು, ಎಲ್ಲಾ ಪೋಸ್ಟ್‌ಕಾರ್ಡ್‌ಲೂ ಬರೋ ಆ ಬಿಳಿ ಚರ್ಚು, ಅಂದ್ರೆ ಹೆಲ್ಸಿಂಕಿ ಕೆಥೆಡ್ರಲ್.

ಅಲ್ಲಿ ಹಳೇ ಊರು ಅಂತ ಯಾಕೆ ಇಲ್ಲ? ಸ್ಟಾಕ್‌ಹೋಮ್, ಟ್ಯಾಲಿನ್‌ನಲ್ಲಿ ಇದೆಯಲ್ಲ?

ಹೆಲ್ಸಿಂಕಿ ರಾಜಧಾನಿ ಆಗಿದ್ದೇ ತಡವಾಗಿ. 1550ರಲ್ಲಿ ಸ್ವೀಡನ್ ರಾಜ ಗುಸ್ತಾವ್ ವಾಸಾ, ಎದುರು ದಡದ ಟ್ಯಾಲಿನ್‌ನ ವ್ಯಾಪಾರ ಕಿತ್ಕೊಳ್ಳೋಣ ಅಂತ ವಾಂತಾ ನದಿ ಸಮುದ್ರ ಸೇರೋ ಕಡೆ ಊರು ಕಟ್ಸಿದ, ಅದು ಏಳಿಗೆ ಆಗ್ಲಿಲ್ಲ, 1640ರಲ್ಲಿ ಈಗಿರೋ ಜಾಗಕ್ಕೆ ಎತ್ತಿ ಇಟ್ರು. ಆಮೇಲೂ ಅದೊಂದು ಮರದ ಮನೆಗಳ ಪುಟ್ಟ ಊರೇ. 1808ರ ಯುದ್ಧದ ಸಮಯದಲ್ಲಿ ಬೆಂಕಿ ಬಿದ್ದು ಬಹುಪಾಲು ಸುಟ್ಟೋಯ್ತು. 1809ರಲ್ಲಿ ಫಿನ್ಲೆಂಡ್ ಸ್ವೀಡನ್ ಕೈಯಿಂದ ರಷ್ಯಾ ಕೈಗೆ ಬಂತು, 1812ರಲ್ಲಿ ಚಕ್ರವರ್ತಿ ಒಂದನೇ ಅಲೆಕ್ಸಾಂಡರ್ ರಾಜಧಾನೀನ ತುರ್ಕುವಿಂದ ಹೆಲ್ಸಿಂಕಿಗೆ ತಂದ, ಯಾಕಂದ್ರೆ ತುರ್ಕು ಸ್ವೀಡನ್‌ಗೆ ತೀರಾ ಹತ್ರ, ಹೆಲ್ಸಿಂಕಿ ರಷ್ಯಾದ ಆಗಿನ ರಾಜಧಾನಿ ಪೀಟರ್ಸ್‌ಬರ್ಗ್‌ಗೆ ಹತ್ರ. ಸುಟ್ಟ ಊರು, ಕೈಯಲ್ಲಿ ಚಕ್ರವರ್ತಿಯ ದುಡ್ಡು, ಅಂದ್ರೆ ಪ್ಲಾನ್ ಮಾಡೋರಿಗೆ ಇನ್ನೇನು ಬೇಕು! ಎರೆನ್‌ಸ್ಟ್ರೋಮ್ ಅನ್ನೋರು ರಸ್ತೆಗಳ ನಕ್ಷೆ ಬರೆದ್ರು, ಬರ್ಲಿನ್‌ನಲ್ಲಿ ಹುಟ್ಟಿದ ಕಾರ್ಲ್ ಲುಡ್ವಿಗ್ ಎಂಗೆಲ್ ಅನ್ನೋ ಆರ್ಕಿಟೆಕ್ಟ್ ಕಟ್ಟಡಗಳನ್ನ ಬರೆದ. ಸಾಯೋವರೆಗೂ, ಅಂದ್ರೆ 1840ರವರೆಗೂ, ಬರೀತಾನೇ ಇದ್ದ. ಹೀಗಾಗಿ ಸೆನೆಟ್ ಚೌಕ ಪೂರ್ತಿ ಒಬ್ಬನೇ ಮನುಷ್ಯನ ಕೈಬರಹ ಥರ ಕಾಣುತ್ತೆ, ಪೂರ್ವಕ್ಕೆ ಸರ್ಕಾರದ ಅರಮನೆ, ಪಶ್ಚಿಮಕ್ಕೆ ಯೂನಿವರ್ಸಿಟಿ, ಉತ್ತರಕ್ಕೆ ದಿಬ್ಬದ ಮೇಲೆ ಚರ್ಚು. ದಕ್ಷಿಣದ ಮೂಲೇಲಿ ಸೆಡರ್‌ಹೋಮ್ ಮನೆ ಅಂತ 1757ರದ್ದು ಒಂದು ಕಲ್ಲಿನ ಮನೆ ಉಳ್ಕೊಂಡಿದೆ, ಊರಿನ ನಡುಭಾಗದಲ್ಲಿ ಅದಕ್ಕಿಂತ ಹಳೇದು ಇಲ್ಲ.

ಆ ಬಿಳಿ ಚರ್ಚ್ ಅಷ್ಟು ಚೆನ್ನಾಗಿದೆಯಾ?

ಹೊರಗಿಂದ ಖಂಡಿತ ಚೆನ್ನಾಗಿದೆ. ಹಿಮ ಬಿದ್ದ ದಿನ ಬಿಳಿ ಗೋಡೆ, ಹಸಿರು ಗುಮ್ಮಟ, ಮೇಲೆ ಚಿನ್ನದ ನಕ್ಷತ್ರಗಳು, ಫೋಟೋ ತೆಗೆಯೋಕೆ ಬರ್ದೇ ಇರೋರು ತೆಗೆದ್ರೂ ಚೆನ್ನಾಗೇ ಬರುತ್ತೆ. 1830ರಲ್ಲಿ ಶುರುವಾಗಿ 1852ರಲ್ಲಿ ಮುಗೀತು, ಅಷ್ಟೊತ್ತಿಗೆ ಎಂಗೆಲ್ ತೀರ್ಕೊಂಡು ಹನ್ನೆರಡು ವರ್ಷ. ಅವನ ಜಾಗಕ್ಕೆ ಬಂದ ಲೋರ್‌ಮನ್ ಸುಮ್ನೆ ಕೂರ್ಲಿಲ್ಲ, ನಾಲ್ಕು ಮೂಲೆಗೆ ನಾಲ್ಕು ಮರಿ ಗುಮ್ಮಟ ಸೇರಿಸ್ದ, ಮಾಡಿನ ಮೇಲೆ ಹನ್ನೆರಡು ಅಪೋಸ್ತಲರ ಸತುವಿನ ಪ್ರತಿಮೆ ನಿಲ್ಲಿಸ್ದ, ಚೌಕದ ಕಡೆ ಎಂಗೆಲ್ ಕಟ್ಟಿದ್ದ ಕಾವಲು ಕಟ್ಟಡ ಕೆಡವಿ ಅಲ್ಲಿ ಆ ದೊಡ್ಡ ಮೆಟ್ಟಿಲು ಸಾಲು ಕಟ್ದ. ಈಗ ಊರಿನ ಜನ ಬಿಸಿಲು ಬಂದ್ರೆ ಸಾಕು ಆ ಮೆಟ್ಟಿಲ ಮೇಲೇ ಕೂರೋದು, ಐಸ್‌ಕ್ರೀಂ ತಿನ್ನೋದು, ಪಾರಿವಾಳ ಓಡ್ಸೋದು. ಎಂಗೆಲ್ ಪ್ಲಾನ್‌ನಲ್ಲಿ ಇಲ್ದೇ ಇದ್ದ ಭಾಗಾನೇ ಜನಕ್ಕೆ ಜಾಸ್ತಿ ಉಪಯೋಗಕ್ಕೆ ಬಂದಿದೆ.

ಒಳಗೆ ಹೋದ್ರೆ ಮಾತ್ರ ನಮ್ಮ ಕಡೆಯಿಂದ ಹೋದೋರು ಸ್ವಲ್ಪ ಪೆಚ್ಚಾಗ್ತಾರೆ. ಬಿಳಿ ಗೋಡೆ, ಬೆಂಚು, ಚಕ್ರವರ್ತಿ ಒಂದನೇ ನಿಕೋಲಸ್ ಕೊಟ್ಟ ಒಂದು ಚಿತ್ರ, ಮೂರು ಪ್ರತಿಮೆ: ಧರ್ಮ ಸುಧಾರಕರಾದ ಲೂಥರ್, ಮೆಲಾಂಕ್ಟನ್, ಮತ್ತೆ ಫಿನ್ನಿಶ್ ಭಾಷೆಗೆ ಬರವಣಿಗೆ ರೂಪ ಕೊಟ್ಟ ಅಗ್ರಿಕೋಲಾ. ಲೂಥರನ್ ಚರ್ಚುಗಳು ಇರೋದೇ ಹಾಗೆ, ಅಲಂಕಾರ ಅಂದ್ರೆ ಅವ್ರಿಗೆ ಒಂಥರಾ ಮುಜುಗರ. ಬೇಸಿಗೇಲಿ ಒಳಗೆ ಹೋಗೋಕೆ ಟಿಕೆಟ್ ಇರುತ್ತೆ, ದುಡ್ಡು ಉಳಿಸ್ಬೇಕು ಅಂತಿದ್ರೆ ಇಲ್ಲೇ ಉಳಿಸಿ. ಅದರ ಬದ್ಲು ಪಕ್ಕದ ರಸ್ತೇಲಿ ಎಂಗೆಲ್ಲೇ ಮಾಡಿದ ರಾಷ್ಟ್ರೀಯ ಗ್ರಂಥಾಲಯಕ್ಕೆ ಹೋಗಿ, ಫ್ರೀ. ಕಂಬಗಳ ಸಾಲು, ಬಣ್ಣ ಬಳಿದ ಗುಮ್ಮಟ, ಅದರಡೀಲಿ ಕೂತು ಓದ್ತಿರೋ ಹುಡುಗ್ರು. ಎಂಗೆಲ್ ಮಾಡಿದ್ರಲ್ಲಿ ನನಗೆ ಇಷ್ಟ ಆಗಿದ್ದು ಇದೇ, ಇಲ್ಲಿಗೆ ಟೂರಿಸ್ಟ್ ಗುಂಪುಗಳು ಬರೋದೂ ಕಡಿಮೆ.

ಸ್ವತಂತ್ರ ದೇಶದ ನಟ್ಟನಡುವೆ ರಷ್ಯಾ ಚಕ್ರವರ್ತಿ ಪ್ರತಿಮೆ ಯಾಕೆ ಇನ್ನೂ ಇದೆ?

ಸೆನೆಟ್ ಚೌಕದ ನಡುವೆ ಇರೋ ಅದು ಎರಡನೇ ಅಲೆಕ್ಸಾಂಡರ್, 1894ರಲ್ಲಿ ನಿಲ್ಲಿಸಿದ್ದು. ಅವನ ಕಾಲದಲ್ಲಿ, 1863ರಲ್ಲಿ, ಫಿನ್ಲೆಂಡ್‌ನ ಪ್ರತಿನಿಧಿ ಸಭೆ ಎಷ್ಟೋ ದಶಕಗಳ ನಂತ್ರ ಮತ್ತೆ ಸೇರ್ತು, ಹಾಗಾಗಿ ಅವನ ಬಗ್ಗೆ ಜನಕ್ಕೆ ಸ್ವಲ್ಪ ಒಳ್ಳೇ ಭಾವನೆ ಇತ್ತು. ಆಮೇಲೆ ಅವನ ಮೊಮ್ಮಗ ಎರಡನೇ ನಿಕೋಲಸ್ 1899ರಲ್ಲಿ ಆ ಹಕ್ಕುಗಳನ್ನ ಕಿತ್ಕೊಳ್ಳೋಕೆ ಶುರು ಮಾಡ್ದಾಗ ಹೆಲ್ಸಿಂಕಿ ಜನ ಈ ತಾತನ ಪ್ರತಿಮೆ ಕಾಲಡೀಲಿ ಹೂವು ರಾಶಿ ಹಾಕಿದ್ರು. ಹೂವು ಇಟ್ಟೋರನ್ನ ಏನಂತ ಹಿಡಿದು ಜೈಲಿಗೆ ಹಾಕ್ತೀರಾ? ಇದ್ದ ಚಕ್ರವರ್ತೀನ ಬೈಯೋಕೆ ಸತ್ತ ಚಕ್ರವರ್ತೀನ ಹೊಗಳೋದು, ನನಗಂತೂ ಭಾರಿ ಖುಷಿ ಕೊಟ್ಟ ಕತೆ ಇದು. ಪ್ರತಿಮೆ ಉಳ್ಕೊಂಡಿದ್ದು ಇಂಥ ಕಾರಣಕ್ಕೆ.

ಕೆಂಪು ಇಟ್ಟಿಗೆದು ಇನ್ನೊಂದು ಚರ್ಚ್ ಇದೆಯಲ್ಲ, ಅದು ರಷ್ಯಾದೋರದಾ?

ಉಸ್ಪೆನ್‌ಸ್ಕಿ, ಆರ್ಥೊಡಾಕ್ಸ್ ಕೆಥೆಡ್ರಲ್, 1868ರದ್ದು, ಕಟಯನೊಕ್ಕಾ ಅನ್ನೋ ಕಡೆ ಬಂಡೆ ಮೇಲೆ ನಿಂತಿದೆ. ವಿನ್ಯಾಸ ರಷ್ಯಾದ ಗೊರ್ನೊಸ್ತಾಯೆವ್‌ದು. ಇದರ ಇಟ್ಟಿಗೆ ಕತೆ ಕೇಳಿ: ಓಲಂಡ್ ದ್ವೀಪದಲ್ಲಿ ರಷ್ಯಾದವ್ರು ಬೊಮಾರ್‌ಸುಂಡ್ ಅಂತ ಒಂದು ಕೋಟೆ ಕಟ್ತಿದ್ರು, ಕ್ರಿಮಿಯಾ ಯುದ್ಧದಲ್ಲಿ, 1854ರಲ್ಲಿ, ಇಂಗ್ಲಿಷರು ಫ್ರೆಂಚರು ಸೇರಿ ಅದನ್ನ ಉಡಾಯಿಸಿದ್ರು, ಆ ಪಾಳು ಕೋಟೆ ಇಟ್ಟಿಗೆಗಳನ್ನ ದೋಣಿಲಿ ಹೇರ್ಕೊಂಡು ಬಂದು ಈ ಚರ್ಚಿಗೆ ಹಾಕಿದಾರೆ. ಒಳಗೆ ಬಿಳಿ ಚರ್ಚಿಗೆ ಪೂರ್ತಿ ಉಲ್ಟಾ, ಚಿನ್ನದ ಬಣ್ಣ, ಐಕಾನ್‌ಗಳು, ದೀಪ, ಧೂಪದ ವಾಸನೆ, ಅಮ್ಮಂದಿರಿಗೆ ಇದೇ ಇಷ್ಟ ಆಗುತ್ತೆ. ಇದರ ಮುಂದೇನೇ ಬಂದರಿನ ಪಕ್ಕ ಒಂದು ಬಿಳೀ ಚೌಕ ಆಫೀಸ್ ಕಟ್ಟಡ ಇದೆ, 1962ರದ್ದು, ಆಲ್ವಾರ್ ಆಲ್ಟೋ ಮಾಡಿದ್ದು, ಊರವರು ಅದನ್ನ ಸಕ್ಕರೆ ಗಡ್ಡೆ ಅಂತ ಆಡ್ಕೊತಾರೆ. ಎರಡೂ ಒಂದೇ ಫ್ರೇಮಲ್ಲಿ ಬರುತ್ತೆ, ಯಾರಿಗೆ ಯಾರು ದೃಷ್ಟಿಬೊಟ್ಟು ಅನ್ನೋದು ಅವರವರ ಅಭಿರುಚಿಗೆ ಬಿಟ್ಟಿದ್ದು.

ಬಂಡೆ ಒಳಗೆ ಕೊರೆದ ಚರ್ಚ್ ಇದೆ ಅಂತಾರೆ, ಅದು ಹೇಗಿದೆ?

ಒಂದೇ ಒಂದು ಕಟ್ಟಡ ನೋಡೋಕೆ ಟೈಮ್ ಇದ್ರೆ ಇದನ್ನ ನೋಡಿ ಅಂತೀನಿ. ತೆಂಪ್ಪೆಲಿಔಕಿಯೊ ಚರ್ಚು, ತೊಯೊಲೊ ಅನ್ನೋ ಬಡಾವಣೇಲಿ. ಸುತ್ತ ಸಾಧಾರಣ ಅಪಾರ್ಟ್‌ಮೆಂಟ್‌ಗಳು, ನಡುವೆ ಒಂದು ಬಂಡೆ ದಿಣ್ಣೆ, ಲಾಲ್‌ಬಾಗ್ ಬಂಡೆ ಇದೆಯಲ್ಲ, ನೋಡೋಕೆ ಆ ಥರಾನೇ (ವಯಸ್ಸಲ್ಲಿ ಮಾತ್ರ ನಮ್ಮದೇ ದೊಡ್ಡದು, ಲಾಲ್‌ಬಾಗಿಂದು ಸುಮಾರು 300 ಕೋಟಿ ವರ್ಷ ಹಳೇದು, ಅಲ್ಲಿಂದು 200 ಕೋಟಿಗೂ ಕಮ್ಮಿ). ಗೋಪುರ ಇಲ್ಲ, ಏನೂ ಇಲ್ಲ, ಬಾಗಿಲು ನೋಡಿದ್ರೆ ಪಾರ್ಕಿಂಗ್ ಗ್ಯಾರೇಜ್ ಅನ್ಕೋಬೇಕು. ಗಂಟೆ ಕಟ್ಟೋಕೆ ಗೋಪುರಾನೇ ಇಲ್ವಲ್ಲ, ಅದಕ್ಕೆ ರೆಕಾರ್ಡ್ ಮಾಡಿದ ಗಂಟೆ ಸದ್ದನ್ನ ಹೊರಗೋಡೆಯ ಸ್ಪೀಕರ್‌ನಲ್ಲಿ ಹಾಕ್ತಾರೆ.

ಒಳಗೆ ಕಾಲಿಟ್ರೆ ಬಂಡೆ ಕೊರೆದ ದುಂಡಗಿನ ಹಾಲು. ಗೋಡೆ ಅಂದ್ರೆ ಸಿಡಿಸಿ ಬಿಟ್ಟ ಬಂಡೇನೇ, ಡ್ರಿಲ್ ಹಾಕಿದ ತೂತಿನ ಗೆರೆಗಳು ಇನ್ನೂ ಕಾಣ್ಸುತ್ತೆ, ಮುಟ್ಟಿದ್ರೆ ತಣ್ಣಗೆ ಇರುತ್ತೆ, ಬಿರುಕಿಂದ ನೀರು ಜಿನುಗುತ್ತೆ, ಅದು ಹರಿದು ಹೋಗೋಕೆ ದಾರಿ ಮಾಡಿದಾರೆ. ಮೇಲೆ ತಾಮ್ರದ ದೊಡ್ಡ ಗುಮ್ಮಟ, 24 ಮೀಟರ್ ಅಗಲ, ತಾಮ್ರದ ಪಟ್ಟಿ ಸುತ್ತಿ ಸುತ್ತಿ ಮಾಡಿದ್ದು, ಕಿಲೋಮೀಟರ್‌ಗಟ್ಟಲೆ ಪಟ್ಟಿ. ಗುಮ್ಮಟಕ್ಕೂ ಬಂಡೆಗೂ ನಡುವೆ ಸುತ್ತಲೂ 180 ಗಾಜಿನ ಕಿಟಕಿಗಳು, ಬಿಸಿಲು ಬಂದಾಗ ಕಂಬಿ ನೆರಳು ಬಂಡೆ ಮೇಲೆ ಗೆರೆ ಗೆರೆಯಾಗಿ ಬಿದ್ದು ನಿಧಾನಕ್ಕೆ ಜರುಗುತ್ತೆ. ದೇವರ ಚಿತ್ರ ಇರ್ಬೇಕಾದ ಜಾಗದಲ್ಲಿ ಹಿಮಯುಗದ ಒಂದು ಬಿರುಕನ್ನೇ ಹಾಗೇ ಬಿಟ್ಟಿದಾರೆ.

ಮಜಾ ಏನಂದ್ರೆ ಇದು ಸಲೀಸಾಗಿ ಆಗಿದ್ದಲ್ಲ. 1930ರ ದಶಕದಲ್ಲೇ ಇಲ್ಲಿ ಚರ್ಚ್ ಕಟ್ಬೇಕು ಅಂತ ಸ್ಪರ್ಧೆ ಇಟ್ಟಿದ್ರು, ಯುದ್ಧ ಬಂತು, ನಿಂತೋಯ್ತು. 1961ರಲ್ಲಿ ಮತ್ತೆ ಸ್ಪರ್ಧೆ, ತಿಮೊ ಮತ್ತೆ ತುಒಮೊ ಸುಒಮಲೈನೆನ್ ಅನ್ನೋ ಅಣ್ಣತಮ್ಮ ಗೆದ್ರು. ಅವ್ರಿಗೆ ಬಂಡೆ ಹಾಗೇ ಬಿಡೋ ಆಸೆ ಮೊದ್ಲೇ ಇತ್ತು, ಆದ್ರೆ ಜಡ್ಜ್‌ಗಳು ಗಾಬರಿ ಆಗ್ತಾರೆ ಅಂತ ನಕ್ಷೇಲಿ ತೋರ್ಸಿರ್ಲಿಲ್ಲ. ಆಮೇಲೆ ಧ್ವನಿ ತಜ್ಞರೇ ಬಂಡೆ ಮುಚ್ಚಬೇಡಿ, ಸಂಗೀತ ಚೆನ್ನಾಗಿ ಕೇಳುತ್ತೆ ಅಂದ್ರು, ಇವ್ರಿಗೆ ಅದೇ ಬೇಕಿತ್ತು. ಕೆಲಸ ನಡೀತಿದ್ದಾಗ, 1968ರಲ್ಲಿ, ಕೆಲವು ಕ್ರೈಸ್ತ ವಿದ್ಯಾರ್ಥಿಗಳು ಬಂಡೆ ಮೇಲೆ ದೊಡ್ಡದಾಗಿ "ಬಿಯಾಫ್ರಾ" ಅಂತ ಬರೆದ್ರು, ಆಫ್ರಿಕಾದ ಬಿಯಾಫ್ರಾದಲ್ಲಿ ಜನ ಹಸಿವಿಂದ ಸಾಯ್ತಿರೋವಾಗ ಇಲ್ಲಿ ಚರ್ಚಿಗೆ ಇಷ್ಟು ಖರ್ಚಾ ಅಂತ. 1969ರಲ್ಲಿ ಬಾಗಿಲು ತೆರೀತು. ಈಗ ಟಿಕೆಟ್ ಇದೆ, ಪ್ರಾರ್ಥನೆ, ಮದುವೆ ಇದ್ದಾಗ ಬಿಡಲ್ಲ, ಹೊರಡೋ ಮುಂಚೆ ಅವತ್ತಿನ ಟೈಮಿಂಗ್ ನೋಡ್ಕೊಳ್ಳಿ. ಬಸ್ಸುಗಟ್ಟಲೆ ಗುಂಪು ಬಂದಾಗ ಗಲಾಟೆ, ಆದ್ರೆ ಅವ್ರು ಹತ್ತು ನಿಮಿಷಕ್ಕೆ ಹೋಗ್ಬಿಡ್ತಾರೆ, ಮೇಲಿನ ಬಾಲ್ಕನಿಲಿ ಕೂತು ಕಾಯಿರಿ. ಯಾರಾದ್ರೂ ಪಿಯಾನೋ ಪ್ರಾಕ್ಟೀಸ್ ಮಾಡ್ತಿದ್ರೆ ನಿಮ್ಮ ಪುಣ್ಯ.

ನೆಲದಡಿಲಿ ಇನ್ನೊಂದು ಊರೇ ಇದೆಯಂತೆ, ನಿಜಾನಾ?

ಊರು ಅಂದ್ರೆ ಜಾಸ್ತಿ ಆಯ್ತು, ಆದ್ರೆ ಸುಳ್ಳೂ ಅಲ್ಲ. ಗಟ್ಟಿ ಬಂಡೆ ನೆಲಕ್ಕೆ ಹತ್ರಾನೇ ಸಿಗೋದ್ರಿಂದ ಸುರಂಗ ಕೊರೆಯೋದು ಅಲ್ಲಿ ಲಾಭದ ಬಾಬ್ತು. ಮೆಟ್ರೋ, ಬಿಸಿನೀರಿನ ಕೊಳವೆ, ಪಾರ್ಕಿಂಗ್ ಎಲ್ಲಾ ಕೆಳಗೆ. 1,200 ಚದರ ಮೀಟರ್ ಮೀರಿದ ಹೊಸ ಕಟ್ಟಡಕ್ಕೆ ರಕ್ಷಣಾ ಆಶ್ರಯ ಕಡ್ಡಾಯ, ಪಕ್ಕದಲ್ಲಿ ರಷ್ಯಾ ಇಟ್ಕೊಂಡು ಬದುಕೋರ ಲೆಕ್ಕಾಚಾರ ಅದು. ಆದ್ರೆ ಯುದ್ಧ ಬರೋವರೆಗೆ ಖಾಲಿ ಬಿಡಲ್ಲ. ಇತಾಕೆಸ್ಕುಸ್ ಅನ್ನೋ ಕಡೆ ಬಂಡೆಯೊಳಗಿನ ಈಜುಕೊಳ ಇದೆ, ಬೇಕಾದ್ರೆ ನೀರು ಖಾಲಿ ಮಾಡಿ ಸಾವಿರಾರು ಜನರ ಆಶ್ರಯ ಮಾಡ್ಬಹುದು, ತಂಗಿ ಮಕ್ಕಳು ಅಲ್ಲಿ ಆರಾಮಾಗಿ ಈಜಾಡ್ತಾರೆ. ಟೂರಿಸ್ಟ್‌ಗೆ ಸುಲಭವಾಗಿ ಸಿಗೋ ನೆಲದಡಿ ಜಾಗ ಅಂದ್ರೆ ಆಮೋಸ್ ರೆಕ್ಸ್ ಮ್ಯೂಸಿಯಂ, 2018ರಲ್ಲಿ ತೆರೆದಿದ್ದು. 1936ರ ಲಸಿಪಲತ್ಸಿ ಅನ್ನೋ ಗಾಜಿನ ಕಟ್ಟಡ ಹಾಗೇ ಉಳಿಸಿ ಅದರ ಹಿಂದಿನ ಅಂಗಳ ಅಗೆದು ಕೆಳಗೆ ಮ್ಯೂಸಿಯಂ ಮಾಡಿದಾರೆ. ಅದರ ಬೆಳಕಿಂಡಿಗಳು ಅಂಗಳದಲ್ಲಿ ಗುಡ್ಡ ಗುಡ್ಡವಾಗಿ ಉಬ್ಬಿವೆ, ಮಕ್ಕಳು ಅದರ ಮೇಲೆ ಹತ್ತಿ ಜಾರ್ತಾ ಇರ್ತಾರೆ, ಯಾರೂ ಬೈಯಲ್ಲ.

ರೈಲ್ವೆ ಸ್ಟೇಷನ್ ಹೊರಗೆ ದೀಪ ಹಿಡ್ಕೊಂಡು ನಿಂತಿರೋರು ಯಾರು?

ಎಮಿಲ್ ವಿಕ್‌ಸ್ಟ್ರೋಮ್ ಕೆತ್ತಿದ ಗ್ರಾನೈಟ್ ಮನುಷ್ಯರು, ಬಾಗಿಲ ಆಚೆ ಇಬ್ರು, ಈಚೆ ಇಬ್ರು, ಕೈಯಲ್ಲಿ ಗುಂಡನೆ ದೀಪ. ಮುಖದಲ್ಲಿ ಒಂದು ಗೆರೆ ಅಲುಗಲ್ಲ, ಫಿನ್ನಿಶ್ ಜನದ ಗಾಂಭೀರ್ಯ ಪೂರ್ತಿ ಅಲ್ಲಿದೆ. ಜಾಹೀರಾತುಗಳಲ್ಲಿ ಅವ್ರಿಗೆ ವೇಷ ಹಾಕ್ಸಿ ಕುಣಿಸ್ತಾರೆ ಅಂತ ಭಾವ ಹೇಳ್ತಿದ್ರು. ಸ್ಟೇಷನ್ ಮಾಡಿದ್ದು ಎಲಿಯೆಲ್ ಸಾರಿನೆನ್. 1904ರ ಸ್ಪರ್ಧೆಲಿ ಗೆದ್ದ ಅವನ ಮೊದಲ ನಕ್ಷೇಲಿ ಹಳೇ ಕೋಟೆ ಥರ ಭಾರವಾದ ಕಟ್ಟಡ ಇತ್ತು, ಬೇರೆ ಆರ್ಕಿಟೆಕ್ಟ್‌ಗಳು ರೈಲಿಗೆ ಕರಡಿ ಕೋಟೆ ಯಾಕಪ್ಪಾ ಅನ್ನೋ ಧಾಟೀಲಿ ಜಾಡಿಸಿದ್ರು, ಅವನು ಕೂತು ಪೂರ್ತಿ ತಿದ್ದಿ ಬರೆದ, ಈಗ ನಾವು ನೋಡೋದು ಆ ತಿದ್ದಿದ್ದು. ಯುದ್ಧದ ಕಾರಣಕ್ಕೆ ತಡವಾಗಿ 1919ರಲ್ಲಿ ತೆರೀತು, ಗಡಿಯಾರದ ಗೋಪುರ 48.5 ಮೀಟರ್. ಒಳಗೆ ರಾಷ್ಟ್ರಾಧ್ಯಕ್ಷರಿಗೇ ಅಂತ ಒಂದು ವೇಟಿಂಗ್ ರೂಂ ಇದೆ, ಮೊದ್ಲು ಚಕ್ರವರ್ತಿಗೆ ಅಂತ ಪ್ಲಾನ್ ಮಾಡಿದ್ದು, ಕಟ್ಟಿ ತೆರೆಯೋ ಹೊತ್ತಿಗೆ ಚಕ್ರವರ್ತಿನೇ ಇರ್ಲಿಲ್ಲ.

ಎಲ್ಲಿ ನೋಡಿದ್ರೂ ಆಲ್ಟೋ ಆಲ್ಟೋ ಅಂತಾರೆ, ಯಾರು ಆತ? ಏನು ನೋಡ್ಬೇಕು?

ಆಲ್ವಾರ್ ಆಲ್ಟೋ, 1898ರಿಂದ 1976, ಫಿನ್ಲೆಂಡ್‌ನ ಬಹು ದೊಡ್ಡ ಹೆಸರು, ಕಟ್ಟಡ ಮಾತ್ರ ಅಲ್ಲ, ಕುರ್ಚಿ, ದೀಪ, ಹೂದಾನಿ ಎಲ್ಲ ಮಾಡಿದಾನೆ. ಎಲ್ರೂ ತೋರ್ಸೋದು ಫಿನ್ಲಾಂಡಿಯಾ ಹಾಲ್, 1971ರದ್ದು, ತೊಯೊಲೊ ಕೊಲ್ಲಿ ಪಕ್ಕ. 1975ರಲ್ಲಿ 35 ದೇಶದ ನಾಯಕರು ಬಂದು ಹೆಲ್ಸಿಂಕಿ ಒಪ್ಪಂದಕ್ಕೆ ಸಹಿ ಹಾಕಿದ್ದು ಇಲ್ಲೇ. ಆಲ್ಟೋಗೆ ಇಟಲಿ ಅಂದ್ರೆ ಪ್ರಾಣ, ಹಾಗಾಗಿ ಪೂರ್ತಿ ಕಟ್ಟಡಕ್ಕೆ ಇಟಲಿಯ ಕರಾರಾ ಅಮೃತಶಿಲೆ ತೆಳು ಹಲಗೆಗಳನ್ನ ಹೊದಿಸ್ದ. ಚಳಿ, ಬಿಸಿಲು, ತೇವ ಮೂರೂ ಸೇರಿ ಆ ಕಲ್ಲಿನ ಕಣಗಳನ್ನ ಸಡಿಲ ಮಾಡಿದ್ವು, ಹಲಗೆಗಳು ಹಪ್ಪಳದ ಹಾಗೆ ಬಾಗಿದ್ವು. ತೊಂಬತ್ತರ ದಶಕದ ಕೊನೇಲಿ ಎಲ್ಲ ತೆಗೆದು ಬೇರೆ ಹಾಕಿದ್ರು, ಏನು ಹಾಕಿದ್ರು ಅಂದ್ರೆ ಮತ್ತೆ ಅದೇ ಕರಾರಾ! ಆಲ್ಟೋ ಆರಿಸಿದ ಕಲ್ಲು ಬದಲಾಯ್ಸೋಕೆ ಯಾರಿಗೂ ಮನಸ್ಸು ಬರ್ಲಿಲ್ಲ. ಅದೂ ಬಾಗ್ತು. ಈಗ 2022ರಿಂದ ಮುಚ್ಚಿ ರಿಪೇರಿ ಮಾಡಿ 2025ರ ಜನವರಿಲಿ ತೆರೆದಿದಾರೆ, ಈ ಸಲ ಲಾಸಾ ಅನ್ನೋ ಬೇರೆ ಅಮೃತಶಿಲೆ, ಅದೂ ಇಟಲಿದೇ. ಹೆಲ್ಸಿಂಕಿಲಿ ಹೊರಗಡೆ ಶೋಕಿ ಮಾಡೋಕೆ ಹೋದ್ರೆ ಹವಾಮಾನ ಏನು ಮಾಡುತ್ತೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ನನ್ನ ಕೇಳಿದ್ರೆ ಆಲ್ಟೋನ ನೋಡೋಕೆ ಊರ ನಡುವಿನ ಎಸ್ಪ್ಲನಾಡಿ ಪಾರ್ಕ್ ಪಕ್ಕದ ಅಕಾಡೆಮಿಕ್ ಬುಕ್‌ಸ್ಟೋರ್‌ಗೆ ಹೋಗಿ, 1969ರದ್ದು. ಒಳಗೆ ಹೋಗೋ ಮುಂಚೆ ಬಾಗಿಲ ಹಿಡಿ ಗಮನಿಸಿ, ಕಂಚಿನದು, ಒಂದರ ಮೇಲೊಂದು ಜೋಡಿಸಿದಾನೆ, ಮಕ್ಕಳಿಗೆ ಕೆಳಗಿಂದು ಸಿಗುತ್ತೆ ಎತ್ತರದವ್ರಿಗೆ ಮೇಲಿಂದು, ಜನ ಹಿಡಿದೂ ಹಿಡಿದೂ ಒಂದೊಂದು ಕಡೆ ಬಂಗಾರದ ಬಣ್ಣಕ್ಕೆ ತಿರುಗಿದೆ. ಒಳಗೆ ಮೂರು ಅಂತಸ್ತು ಎತ್ತರದ ಬಿಳಿ ಅಂಗಳ, ಮೇಲೆ ಗಾಜಿನ ಹರಳಿನಂಥ ಬೆಳಕಿಂಡಿಗಳು ಕೆಳಗೆ ಇಳಿಬಿದ್ದಿವೆ. ಮೇಲೆ ಕೆಫೆ ಇದೆ, ಕಾಫಿ ರೇಟು ನಮ್ಮ ಲೆಕ್ಕಕ್ಕೆ ಹೊಟ್ಟೆ ಉರಿಸುತ್ತೆ, ಆದ್ರೂ ಒಂದು ತಗೊಂಡು ಒಂದು ಗಂಟೆ ಕೂರಿ, ಎಬ್ಬಿಸಲ್ಲ.

"ಓದಿ" (Oodi) ಅನ್ನೋ ಲೈಬ್ರರಿ ಅಂದ್ರೆ ಅಷ್ಟೊಂದು ಹೈಪ್ ಯಾಕೆ? ಲೈಬ್ರರಿ ತಾನೇ?

ಹೈಪ್‌ಗೆ ತಕ್ಕ ಹಾಗಿದೆ. 2018ರ ಡಿಸೆಂಬರ್ 5ಕ್ಕೆ, ಫಿನ್ಲೆಂಡ್ ಸ್ವಾತಂತ್ರ್ಯ ದಿನದ ಹಿಂದಿನ ದಿನ ತೆರೆದಿದ್ದು, ಎಎಲ್ಎ ಅನ್ನೋ ಆರ್ಕಿಟೆಕ್ಟ್ ಕಂಪನಿ ಮಾಡಿದ್ದು. ಹೊರಗೆ ಸ್ಪ್ರೂಸ್ ಮರದ ಹಲಗೆ, ಅಲೆ ಥರ ಬಾಗಿದೆ, ಕಟ್ಟಡದ ಹೊಟ್ಟೆಯೊಳಗೆ 100 ಮೀಟರ್ ಮೀರಿದ ಉಕ್ಕಿನ ಕಮಾನು, ಅಂದ್ರೆ ಒಂಥರಾ ಸೇತುವೆನೇ, ಅದಕ್ಕೇ ಕೆಳಗಿನ ಅಂತಸ್ತಲ್ಲಿ ಕಂಬಗಳೇ ಇಲ್ಲ. ಎದುರಿಗೆ ಚೌಕದ ಆಚೆ ಪಾರ್ಲಿಮೆಂಟು, 1931ರ ಗ್ರಾನೈಟ್ ಕಟ್ಟಡ, ಮುಂದೆ 14 ಕಂಬ, ಬಿಗುಮಾನದ ಮುಖ. ಲೈಬ್ರರಿಯ ಮೂರನೇ ಅಂತಸ್ತಿನ ಬಾಲ್ಕನಿ ಆ ಪಾರ್ಲಿಮೆಂಟಿನ ಕಡೆಗೇ ತಿರುಗಿದೆ, ಓದೋ ಜನ ಮತ್ತೆ ಶಾಸನ ಮಾಡೋ ಜನ ಎದುರುಬದುರು.

ನಡುವಿನ ಅಂತಸ್ತಿಗೆ ಹೋದ್ರೆ ಪುಸ್ತಕಾನೇ ಕಾಣಲ್ಲ. ಹೊಲಿಗೆ ಮಷೀನು, ಥ್ರೀಡಿ ಪ್ರಿಂಟರ್, ಸಂಗೀತ ರೆಕಾರ್ಡಿಂಗ್ ರೂಂಗಳು, ಗೇಮಿಂಗ್ ರೂಂ. ನಾನು ಹೋದಾಗ ಒಬ್ಬ ಅಜ್ಜ ಕನ್ನಡಕ ಮೂಗಿನ ತುದಿಗೆ ಜಾರಿಸ್ಕೊಂಡು ಹೊಲಿಗೆ ಮಷೀನಲ್ಲಿ ತನ್ನ ಪ್ಯಾಂಟ್ ಜಿಪ್ ರಿಪೇರಿ ಮಾಡ್ತಿದ್ದ, ಪಕ್ಕದಲ್ಲಿ ಕಾಲೇಜು ಹುಡುಗಿ ಸ್ಟಿಕರ್ ಪ್ರಿಂಟ್ ಹಾಕ್ತಿದ್ಲು. ಸುರುಳಿ ಮೆಟ್ಟಿಲಿನ ಗೋಡೆ ಪೂರ್ತಿ ಪದಗಳು ಬರೆದಿದೆ, ಈ ಲೈಬ್ರರಿ ಯಾರ್ಯಾರಿಗೆ ಅರ್ಪಣೆ ಅಂತ ಊರ ಜನರನ್ನೇ ಕೇಳಿ ಮಾಡಿದ್ದು. ಮೂರನೇ ಅಂತಸ್ತು ಪುಸ್ತಕದ್ದು, ಮೋಡದ ಹಾಗೆ ಉಬ್ಬುತಗ್ಗಿನ ಬಿಳಿ ಸೀಲಿಂಗು, ಒಳಗೇ ಮರಗಳು, ನೆಲ ಎರಡು ತುದಿಗೆ ಗುಡ್ಡದ ಥರ ಏರುತ್ತೆ, ಚಿಕ್ಕ ಮಕ್ಕಳು ಅಲ್ಲಿ ಉರುಳಾಡ್ತಿರ್ತಾರೆ. ಸದ್ದು ಆಗುತ್ತೆ, ಯಾರೂ "ಶ್" ಅನ್ನಲ್ಲ. ಟಿಕೆಟ್ ಇಲ್ಲ, ಗುರುತಿನ ಚೀಟಿ ಕೇಳಲ್ಲ, ಬ್ಯಾಗ್ ಚೆಕ್ ಇಲ್ಲ, ಟಾಯ್ಲೆಟ್ ಕ್ಲೀನು. ನಮ್ಮಲ್ಲಿ ಸಾರ್ವಜನಿಕ ಕಟ್ಟಡ ಅಂದ್ರೆ ಮೊದ್ಲು ಗೇಟು, ಆಮೇಲೆ ಸೆಕ್ಯೂರಿಟಿ, ಆಮೇಲೆ "ಏನ್ ಬೇಕು", ಅದಕ್ಕೇ ಇಲ್ಲಿ ಕೂತ್ರೆ ಒಂಥರಾ ಹೊಟ್ಟೆಕಿಚ್ಚು ಆಗುತ್ತೆ.

ಸುಒಮೆನ್‌ಲಿನ್ನಾ ಕೋಟೆಗೆ ಎಷ್ಟು ಟೈಮ್ ಬೇಕು?

ಅರ್ಧ ದಿನ ಇಟ್ಕೊಳ್ಳಿ. ಮಾರ್ಕೆಟ್ ಚೌಕದಿಂದ ಫೆರಿ, ಹದಿನೈದು ಇಪ್ಪತ್ತು ನಿಮಿಷ, ಊರಿನ ಬಸ್ಸು ಟ್ರಾಂ ಡೇ ಟಿಕೆಟ್ಟೇ ಇದಕ್ಕೂ ನಡೆಯುತ್ತೆ, ಬೇರೆ ಟೂರ್ ಬೋಟಿಗೆ ದುಡ್ಡು ಸುರೀಬೇಡಿ. 1748ರಲ್ಲಿ ಸ್ವೀಡನ್‌ನೋರು ರಷ್ಯಾ ವಿರುದ್ಧ ಕಟ್ಟೋಕೆ ಶುರು ಮಾಡಿದ ಕೋಟೆ, ಎರೆನ್‌ಸ್ವರ್ಡ್ ಅನ್ನೋ ಸೇನಾಧಿಕಾರಿ ಉಸ್ತುವಾರಿ, ಕೆಲವು ದ್ವೀಪಗಳ ಮೇಲೆ ಹರಡಿದೆ. ದಶಕಗಟ್ಟಲೆ ಕಟ್ಟಿದ ಈ ಕೋಟೆ 1808ರಲ್ಲಿ ರಷ್ಯಾಗೆ ಶರಣಾಗಿ ಹೋಯ್ತು. 1991ರಿಂದ ಯುನೆಸ್ಕೋ ಪಟ್ಟೀಲಿದೆ. ಇದು ಸತ್ತ ಕೋಟೆ ಅಲ್ಲ, ಸುಮಾರು 800 ಜನ ಅಲ್ಲೇ ವಾಸ ಇದಾರೆ, ಶಾಲೆ, ಅಂಗಡಿ, ಚರ್ಚು ಎಲ್ಲ ಇದೆ, ಚರ್ಚಿನ ಗೋಪುರದಲ್ಲಿ ಹಡಗುಗಳಿಗೆ ದಾರಿ ತೋರ್ಸೋ ದೀಪಾನೂ ಇದೆ. ಹೆಚ್ಚಿನವ್ರು ಮೊದಲ ದ್ವೀಪದಲ್ಲಿ ಫೋಟೋ ತಗೊಂಡು ವಾಪಸ್ ಬರ್ತಾರೆ, ನೀವು ಕೊನೇವರೆಗೆ, ರಾಜನ ಬಾಗಿಲಿನವರೆಗೆ ನಡೀರಿ, ಅಲ್ಲಿ ಫಿರಂಗಿಗಳು, ಹುಲ್ಲು ಬೆಳೆದ ಕೋಟೆ ಗೋಡೆ, ಬಂಡೆ ಮೇಲೆ ಬುತ್ತಿ ಬಿಚ್ಚಿದ ಕುಟುಂಬಗಳು. ಗಾಳಿ ಮಾತ್ರ ಜೂನ್‌ನಲ್ಲೂ ಕಿವಿ ಕೊಯ್ಯುತ್ತೆ, ಟೋಪಿ ಮರೀಬೇಡಿ.

ಒಲಿಂಪಿಕ್ ಸ್ಟೇಡಿಯಂನಲ್ಲಿ ನಮ್ಮೋರಿಗೆ ಸಂಬಂಧ ಪಟ್ಟಿದ್ದು ಏನಾದ್ರೂ ಇದೆಯಾ?

ಇದೆ. 1940ರ ಒಲಿಂಪಿಕ್ಸ್‌ಗೆ ಅಂತ 1938ರಲ್ಲೇ ರೆಡಿ ಆದ ಸ್ಟೇಡಿಯಂ ಇದು, ಯುದ್ಧದಿಂದ ಆ ಆಟ ರದ್ದಾಗಿ ಕೊನೆಗೆ 1952ರಲ್ಲಿ ನಡೀತು. ಆ ಸಲ ನಮ್ಮ ಹಾಕಿ ಟೀಂ ಫೈನಲ್‌ನಲ್ಲಿ ನೆದರ್ಲೆಂಡ್ಸ್‌ನ 6-1ರಲ್ಲಿ ಸೋಲಿಸ್ತು, ಐದು ಗೋಲು ಬಲ್ಬೀರ್ ಸಿಂಗ್ ಒಬ್ಬರದ್ದೇ. ಕುಸ್ತೀಲಿ ಕೆ.ಡಿ. ಜಾಧವ್‌ಗೆ ಕಂಚು, ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ. ಆ ಕುಸ್ತಿ ನಡೆದಿದ್ದು ಈ ಸ್ಟೇಡಿಯಂ ಹತ್ರ ಇರೋ ಹಳೇ ವಸ್ತುಪ್ರದರ್ಶನ ಹಾಲ್‌ನಲ್ಲಿ, ಅದು ಈಗಲೂ ಊರವರು ಬ್ಯಾಡ್ಮಿಂಟನ್ ಬ್ಯಾಸ್ಕೆಟ್‌ಬಾಲ್ ಆಡೋ ಒಳಾಂಗಣ. ಸ್ಟೇಡಿಯಂ ಗೋಪುರದ ಎತ್ತರ 72.71 ಮೀಟರ್, ಇದೆಂಥ ಲೆಕ್ಕ ಅಂದ್ರೆ 1932ರ ಒಲಿಂಪಿಕ್ಸ್‌ನಲ್ಲಿ ಮಟ್ಟಿ ಯಾರ್ವಿನೆನ್ ಚಿನ್ನ ಗೆದ್ದ ಜಾವೆಲಿನ್ ಎಸೆತ ಅಷ್ಟು ದೂರ ಹೋಗಿತ್ತು. ಗೋಪುರ ಹತ್ತಿದ್ರೆ ಊರು ಪೂರ್ತಿ ಕಾಣ್ಸುತ್ತೆ, ಎಷ್ಟು ಮರ ಎಷ್ಟು ನೀರು ಅನ್ನೋದು ಆಗ್ಲೇ ಗೊತ್ತಾಗೋದು.

ಆ ಪೈಪುಗಳ ಸ್ಮಾರಕ?

ಸಂಗೀತಗಾರ ಸಿಬೆಲಿಯುಸ್‌ದು, ಐಲಾ ಹಿಲ್ಟುನೆನ್ ಮಾಡಿದ್ದು, 1967. ಉಕ್ಕಿನ 600ಕ್ಕೂ ಹೆಚ್ಚು ಪೈಪು. ಪೈಪು ನೋಡಿ ಸಂಗೀತಗಾರ ಎಲ್ಲಿ ಅಂತ ಜನ ಗಲಾಟೆ ಮಾಡಿದ್ದಕ್ಕೆ ಪಕ್ಕದಲ್ಲಿ ಅವನ ಮುಖಾನೂ ಮಾಡಿಟ್ರು. ಹತ್ತು ನಿಮಿಷ ಸಾಕು, ಪೈಪಿನ ಕೆಳಗೆ ತಲೆ ಹಾಕಿ ಒಂದ್ಸಲ ಕೂಗಿ ನೋಡಿ.

ಯಾವ ತಿಂಗಳು ಹೋದ್ರೆ ಒಳ್ಳೇದು?

ಕಟ್ಟಡ ನೋಡೋಕೆ ಅಂದ್ರೆ ಮೇ ಕೊನೆಯಿಂದ ಆಗಸ್ಟ್. ಜೂನ್‌ನಲ್ಲಿ ಸೂರ್ಯ ಮುಳುಗೋದು ರಾತ್ರಿ ಹನ್ನೊಂದರ ಹತ್ರ, ಕಟಯನೊಕ್ಕಾ, ಐರಾ ಬಡಾವಣೆಗಳ ಹಳೇ ಯುಗೆಂಡ್ ಶೈಲಿ (1900ರ ಆಸುಪಾಸಿನ ಅಲಂಕಾರದ ಶೈಲಿ) ಮನೆಗಳನ್ನ, ಆ ಬಾಗಿಲ ಮೇಲಿನ ಕರಡಿ, ಗೂಬೆ, ಎಲೆ ಬಳ್ಳಿಗಳನ್ನ ಊಟ ಮುಗ್ಸಿ ಹೋಗಿ ನೋಡ್ಬಹುದು. ಆದ್ರೆ ಜೂನ್ 20ರಿಂದ 26ರ ನಡುವೆ ಬರೋ ಯುಹನ್ನುಸ್ ಅನ್ನೋ ನಡುಬೇಸಿಗೆ ಹಬ್ಬಕ್ಕೆ ಊರೇ ಖಾಲಿ, ಎಲ್ರೂ ಕೆರೆ ದಂಡೆ ಮನೆಗೆ ಹೋಗ್ಬಿಡ್ತಾರೆ, ಅರ್ಧ ಅಂಗಡಿಗಳಿಗೆ ಬೀಗ. ಡಿಸೆಂಬರ್‌ನಲ್ಲಿ ಬೆಳಕು ಆರು ಗಂಟೆನೂ ಇರಲ್ಲ. ನವೆಂಬರ್‌ನಲ್ಲಿ ಮಾತ್ರ ಯಾರ ಮಾತು ಕೇಳ್ಕೊಂಡೂ ಹೋಗ್ಬೇಡಿ, ಹಿಮಾನೂ ಇಲ್ಲ ಬಿಸಿಲೂ ಇಲ್ಲ, ಬರೀ ಮಳೆ.

ನಿರಾಸೆ ಮಾಡಿದ್ದು ಯಾವುದು?

ಬಂದರಿನ ಹತ್ರ ನಿಂತಿರೋ ಜಯಂಟ್ ವೀಲ್, ಅಂಥದ್ದು ಯಾವ ಊರಲ್ಲಿಲ್ಲ ಹೇಳಿ. ಮತ್ತೆ ಕಂಪ್ಪಿಯ ಮೌನ ಪ್ರಾರ್ಥನಾಲಯ, 2012ರದ್ದು, ಮಾಲ್ ಪಕ್ಕ ಕಿಟಕಿಯೇ ಇಲ್ದ ಮರದ ಬಟ್ಟಲು, ಕಟ್ಟಡ ಅದ್ಭುತ, ತಕರಾರು ಅದರ ಮೇಲಲ್ಲ, ಮೌನ ಇರ್ಬೇಕಾದ ಕಡೆ ಫೋನ್ ಕ್ಯಾಮೆರಾ ಟಿಕ್ ಟಿಕ್ ಅನ್ನಿಸೋ ನಮ್ಮಂಥೋರ ಮೇಲೆ. ಬೆಳಗ್ಗೆ ಬೇಗ ಹೋದ್ರೆ ಪರ್ವಾಗಿಲ್ಲ.

ವಯಸ್ಸಾದ ಅಪ್ಪ ಅಮ್ಮನ್ನ ಕರ್ಕೊಂಡು ಹೋದ್ರೆ ಆಗುತ್ತಾ?

ಆರಾಮಾಗಿ ಆಗುತ್ತೆ, ಊರು ಚಿಕ್ಕದು. ತೊಂದ್ರೆ ಎರಡೇ ಕಡೆ: ಸೆನೆಟ್ ಚೌಕದ ಮೆಟ್ಟಿಲು ಕಡಿದು, ಸುಒಮೆನ್‌ಲಿನ್ನಾದಲ್ಲಿ ಗುಂಡುಕಲ್ಲಿನ ದಾರಿ, ಮಂಡಿ ನೋವಿದ್ರೆ ಕಷ್ಟ. ಮೆಟ್ಟಿಲು ಹತ್ತೋಕೆ ಆಗ್ದೇ ಇರೋರು ಹಿಂದಿನ ರಸ್ತೆಯಿಂದ ಬಳಸಿ ಬಂದ್ರೆ ಏರು ಕಡಿಮೆ. ಡೇ ಟಿಕೆಟ್ ತಗೊಂಡು 2ನೇ ನಂಬರ್ ಟ್ರಾಂನಲ್ಲಿ ಕಿಟಕಿ ಪಕ್ಕ ಕೂರ್ಸಿ, ಮಾರ್ಕೆಟ್ ಚೌಕ, ಸೆನೆಟ್ ಚೌಕ, ಸ್ಟೇಷನ್, ತೊಯೊಲೊ ಎಲ್ಲ ಕೂತಲ್ಲೇ ಕಾಣ್ಸುತ್ತೆ. ಟ್ರಾಂ ಹತ್ತೋವಾಗ ಯಾರೂ ಟಿಕೆಟ್ ಕೇಳಲ್ಲ ಅಂತ ಹಾಗೇ ಹೋಗ್ಬೇಡಿ, ಚೆಕಿಂಗ್‌ನೋರು ಯಾವಾಗ ಹತ್ತಾರೆ ಹೇಳೋಕಾಗಲ್ಲ, ದಂಡ ಜೋರು. ಸಸ್ಯಾಹಾರಿಗಳು ಕರೇಲಿಯನ್ ಪೈ ತಿನ್ಬಹುದು, ರೈ ಹಿಟ್ಟಿನ ತೆಳು ಹಾಳೇಲಿ ಅನ್ನದ ಗಂಜಿ ಇಟ್ಟು ಬೇಯ್ಸಿರ್ತಾರೆ, ಮೇಲೆ ಹಚ್ಚೋ ಬೆಣ್ಣೇಲಿ ಮೊಟ್ಟೆ ಇರುತ್ತೆ, ಬೇಡ ಅಂತ ಮೊದ್ಲೇ ಹೇಳಿ. ಜೊತೆಗೆ ಮನೆಯಿಂದ ಚಟ್ನಿಪುಡಿ ಇದ್ರೆ ಇನ್ನೂ ವಾಸಿ.